ಜೆದ್ದಾಕ್ಕ ಎಷ್ಟು ನೀರಿನ ಹಾದಿ

ನಮ್ಮ ಪಡಸಾಲ್ಯಾಗ ಎರಡು ಗಡಿಯಾರ ಅದಾವ್ರಿ. ಒಂದು ನಮ್ಮ ಲಗ್ನದಾಗ ಬಂದದ್ದು. ಇನ್ನೊಂದು ನಾ ರಿಟಾಯರ್ ಆದ ದಿನ ಬಸ್‌ಸ್ಟ್ಯಾಂಡಿನ ಮಂದಿ ಹಾರದ ಜೋಡಿ ಕೊಟ್ಟದ್ದು. ಎರಡನ್ನೂ ಬಾಜೂಬಾಜೂಕ ಹಾಕೇನಿ. ಒಂದರಾಗ ಹತ್ತು ಆಗಿದ್ರ ಇನ್ನೊಂದರಾಗ ಏಳೂವರಿ. ಮನಿಗೆ ಬಂದವರು ಚಾದ ಕಪ್ಪು ಕೈಯಾಗ ಹಿಡಕೊಂಡು ಮ್ಯಾಲ ನೋಡ್ತಾರ, ತಮ್ಮ ಕೈಗಡಿಯಾರ ನೋಡ್ಕೋತಾರ, ಮತ್ತ ಮ್ಯಾಲ ನೋಡ್ತಾರ. ಆಮೇಲೆ ಸಂಕೋಚ ಮಾಡ್ಕೋತ ಕೇಳ್ತಾರ, “ಕಂಟ್ರೋಲರ್ ಸಾಹೇಬ್ರ, ಇದರ ಶೆಲ್ ಹೋಗೇತೇನ್ರಿ?”

“ಶೆಲ್ ಹೋಗಿಲ್ರಿ, ಬರೋಬ್ಬರಿ ಓಡಾಕತ್ತೇತಿ. ಅದರ ಊರು ಬ್ಯಾರೆ ಐತಿ, ಅಷ್ಟ.”

ಇಷ್ಟು ಹೇಳೂದ್ರಾಗ ಅಡಗಿ ಮನಿಯಿಂದ ನನ್ನ ಹೆಂಡತಿ ಗಂಗಾನ ದನಿ ಬರತೈತಿ. “ಅದನ್ನ ಕೇಳಬ್ಯಾಡ್ರಿ ನೀವು! ಕೇಳಿದವ್ರು ಊಟ ಮಾಡಿ ಹೋಗಬೇಕಾಕ್ಕೇತಿ.” ನೀವು ಕೇಳಿಲ್ಲ, ಖರೆ. ಆದ್ರೂ ಹೇಳ್ತೇನಿ. ಕುಂದರ್ರಿ.

ನಾ ಮೂವತ್ತು ವರ್ಷ ಬಸ್‌ಸ್ಟ್ಯಾಂಡಿನ್ಯಾಗ ಕಂಟ್ರೋಲರ್ ಆಗಿದ್ದಾಂವ. ಹಾನಗಲ್ಲಾಗ ಏಳು ವರ್ಷ, ಶಿಗ್ಗಾಂವಿನ್ಯಾಗ ಆರು, ಹಿರೇಕೆರೂರಾಗ ಐದು, ಉಳಿದದ್ದೆಲ್ಲಾ ನಮ್ಮೂರು ಸವಣೂರಾಗ. ಬಸ್‌ಸ್ಟ್ಯಾಂಡಿನ್ಯಾಗ ಆ ಸಣ್ಣ ಕಿಟಕಿ ಇರತೈತಲ್ರಿ, ಒಂದು ಕೈ ಹೊಕ್ಕೂವಷ್ಟು ತೂತು, ಅದರ ಹಿಂದ ಒಂದು ಮೈಕು, ಒಂದು ರಜಿಸ್ಟರು, ಒಂದು ಸಿಟ್ಟಿನ ಮುಖ. ಆ ಮುಖ ನಂದು. “ಹಾವೇರಿ ಬಸ್ ಯಾವಾಗ ಬರತೈತ್ರಿ?” ಅಂತ ಒಬ್ಬ ಕೇಳಿ ಹೋಗಿರತಾನ. ಅವನ ಹಿಂದ ನಿಂತು ಎಲ್ಲಾ ಕೇಳಿಸಿಕೊಂಡಾಂವ ಮತ್ತ ಅದನ್ನ ಕೇಳ್ತಾನ. ಸಿಟ್ಟು ಬರದ ಏನು ಬರತೈತಿ? ಆದ್ರ ಒಳಗೊಳಗ ಒಂದು ಖುಷಿನೂ ಇತ್ತು, ಸುಳ್ಳು ಯಾಕ ಹೇಳ್ಲಿ. ಇಡೀ ತಾಲೂಕು ನನ್ನ ಬಾಯಿಂದ ಟೈಮು ಕೇಳಿ ಹೊರಡತೈತಿ ಅನ್ನೂ ಖುಷಿ.

ರಿಟಾಯರ್ ಆದ ಮ್ಯಾಲೂ ಆ ಚಟ ಬಿಡಲಿಲ್ಲ. ಗಂಗಾ “ಊಟಕ್ಕ ಬರ್ರಿ” ಅಂದ್ರ “ಎಷ್ಟಕ್ಕ ಬಿಡತೈತಿ?” ಅಂತ ಕೇಳ್ತೇನಂತ. ನಮ್ಮ ಮೊಮ್ಮಗಳ ಜಾವಳದ ದಿನ ಹತ್ತಕ್ಕ ಮುಹೂರ್ತ ಅಂದವರು ಹತ್ತೂ ಹನ್ನೆರಡಕ್ಕ ಕತ್ತರಿ ಹಿಡದ್ರು. “ಹನ್ನೆರಡು ನಿಮಿಷ ತಡಾ ಆತು, ಕಾರಣ ಏನು?” ಅಂತ ನಾ ನಾಕು ಮಂದ್ಯಾಗ ಕೇಳಿಬಿಟ್ಟೆ. ಬೀಗರು ಇವತ್ತಿಗೂ ನನ್ನ ಕಂಡ್ರ ಮೊದಲ ಕೈಗಡಿಯಾರ ನೋಡ್ಕೋತಾರ.

ನನ್ನ ವಿದ್ಯಾ ಅಂದ್ರ ಇಷ್ಟ. ಹೊರಡೂ ಟೈಮು ಒಂದು, ಮುಟ್ಟೂ ಟೈಮು ಒಂದು. ಮುಟ್ಟೂದರಾಗ ಹೊರಡೂದು ಕಳದ್ರ ಉಳಿಯೂದು ಹಾದಿ. ಮೂವತ್ತು ವರ್ಷ ಇದೊಂದ ಲೆಕ್ಕ ಮಾಡೇನಿ, ಎಂದೂ ತಪ್ಪಿಲ್ಲ. ಬಸ್ಸು ತಪ್ಪಿದ್ದಾವು, ಲೆಕ್ಕ ತಪ್ಪಿಲ್ಲ. ಆ ಲೆಕ್ಕ ನನಗ ಕೈ ಕೊಟ್ಟದ್ದು ಮೆಹಬೂಬಿ ಖಾಲಾನ ವಿಷಯದಾಗ.

ಖಾಲಾ ನಮ್ಮ ಬಾಜೂ ಮನಿಯಾಕಿ. ನಡುವ ಒಂದ ಗ್ವಾಡಿ. ನಾ ನಾಕು ವರ್ಷದಾಂವ ಇದ್ದಾಗ ಅಕಿ ಹಿರೇಕೆರೂರಿಂದ ಸವಣೂರಿನ ಎಲಿ ತೋಟದ ಮನಿಗೆ ಸೊಸಿಯಾಗಿ ಬಂದ್ಲು. ಖಾಲಾ ಅಂದ್ರ ಅವರ ಮಾತಿನ್ಯಾಗ ಅವ್ವನ ತಂಗಿ. ನಮ್ಮವ್ವ ಮುಂಜಾನೆದ್ದು ಹೊಲಕ್ಕ ಹೋಗಾಕಿ. ಹೋಗೂ ಮುಂದ ನನ್ನ ಖಾಲಾನ ಕಟ್ಟಿ ಮ್ಯಾಲ ಕುಂದ್ರಿಸಿ, “ಇವನ್ನೊಂಚೂರು ನೋಡ್ಕೊಳವಾ” ಅನ್ನಾಕಿ. ಆ ಒಂಚೂರು ಅನ್ನೂದು ಸಂಜಿತನಕ ನಡೀತಿತ್ತು. ಹಿಂಗಾಗಿ ನಾ ಬೆಳದದ್ದು ವೀಳ್ಯದೆಲಿ ನಡುವ. ಒದ್ದಿ ಗೋಣಿಚೀಲದ ವಾಸನಿ, ಎಲಿ ಒಂದಕ್ಕೊಂದು ತಿಕ್ಕಿದ್ರ ಬರೂ ಚುರುಚುರು ಸಪ್ಪಳ, ಬಾಳಿ ನಾರು ಎಳದು ಎಳದು ಹಸರಾದ ಹೆಬ್ಬೆರಳು. ಹರದ ಎಲಿ ನನ್ನ ಮುಂದ ಹಾಕಿ “ಎಣಸು” ಅಂತಿದ್ಲು. ನಾ ಎಣಿಸಾಕ ಕಲ್ತದ್ದು ಸಾಲ್ಯಾಗ ಅಲ್ರಿ, ಖಾಲಾನ ಕಟ್ಟಿ ಮ್ಯಾಲ.

ಅವರ ಮನ್ಯಾಗ ದೂರ ಅಳಿಯಾಕ ಒಂದು ಬ್ಯಾರೆ ಮಾಪು ಇತ್ತು. ಎಲಿ ಪೆಂಡಿ ಕಟ್ಟಿ, ಒದ್ದಿ ಅರಿವ್ಯಾಗ ಸುತ್ತಿ, ಬುಟ್ಟ್ಯಾಗ ಇಟ್ಟು ಸಂತಿಗೆ ಕಳಸ್ತಿದ್ರು. ಅರಿವಿ ಒಣಗಿದ್ರ ಎಲಿ ಬಾಡತಾವ. ಅದಕ್ಕ ಮೂರು ತಾಸಿಗೊಮ್ಮೆ ನೀರು ಚಿಮುಕಿಸಬೇಕು. ಹಾದಿ ಮ್ಯಾಲ ಎಷ್ಟು ಸಲ ಚಿಮುಕಿಸಬೇಕೋ, ಅದು ಅಷ್ಟು ನೀರಿನ ಹಾದಿ. ಶಿಗ್ಗಾಂವಿ ಅಂದ್ರ ನೀರಿಲ್ಲದ ಹಾದಿ, ಹಂಗ ಹೋಗಿ ಬರೂದು. ಹಾನಗಲ್ಲು ಅರ್ಧ ನೀರು. ಹಾವೇರ್ಯಾಗ ಬಸ್ ಬದಲಿ ಮಾಡಿ ಹಿರೇಕೆರೂರಿಗೆ ಹೋದ್ರ ಒಂದು ನೀರು. ಬೆಂಗಳೂರು ಮೂರು ನೀರು. ಖಾಲಾ ಎಂದೂ ಕಿಲೋಮೀಟರ್ ಅಂದಾಕಿ ಅಲ್ಲ. ಯಾರದರ ಲಗ್ನ ಗೊತ್ತಾದ್ರ “ಹುಡುಗಿ ಎಷ್ಟು ನೀರಿನ ದೂರ ಹೋಗ್ತಾಳವಾ?” ಅಂತ ಕೇಳ್ತಿದ್ಲು. ನಾ ಸವಣೂರಾಗ ಕಂಟ್ರೋಲರ್ ಆಗಿದ್ದಾಗ ದಿನಾ ಎಲಿ ಬುಟ್ಟಿ ತಂದು ನನ್ನ ಕಿಟಕ್ಯಾಗ ಬಸ್ಸಿನ ಟೈಮು ಕೇಳಾಕಿ.

ನಾ ಎಂಟು ವರ್ಷದಾಂವ ಇದ್ದಾಗ ಖಾಲಾ ನನ್ನ ತನ್ನ ತವರಿಗೆ ಕರಕೊಂಡು ಹೋಗಿದ್ಲು. ಹಾವೇರಿ ದಾಟಿದ ಮ್ಯಾಲ ಬಸ್ಸಿನ ಗಾಲಿ ಪಂಚರ್ ಆತು. ಮಂದಿ ಇಳದು ಹಾದಿಬದಿ ಅಂಗಡ್ಯಾಗ ಮಂಡಕ್ಕಿ, ಭಜಿ ಅಂತ ಮುಗಿಬಿದ್ರು. ಖಾಲಾ ಆ ಕಡೆ ಹೊಳ್ಳಿ ಸುದ್ದಾ ನೋಡಲಿಲ್ಲ. ಹಾದಿ ಮ್ಯಾಲ ಗುರ್ತಿಲ್ಲದವರ ಕೈಲೆ ಏನೂ ತಿನ್ನಬಾರದು ಅಂತ ಅಕಿಗೆ ಅಕಿ ಅವ್ವ ಹೇಳಿಕೊಟ್ಟದ್ದು. ಗಿಡದ ನೆರಳಿಗೆ ಕುಂತು ಬುತ್ತಿ ಗಂಟು ಬಿಚ್ಚಿದ್ಲು. ಚಪಾತಿ, ಶೇಂಗಾ ಚಟ್ನಿ, ಮ್ಯಾಲ ಒಂದು ಹಿಡಿ ಎಣ್ಣ್ಯಾಗ ಕರದ ಸವಣೂರು ಖಾರ. ನನಗ ಎರಡು ಚಪಾತಿ, ತನಗ ಒಂದು. ಒಂದು ನೀರಿನ ಹಾದಿಗೆ ಇಷ್ಟು ಬುತ್ತಿ ಯಾಕ ಕಟ್ಟಿದ್ಲು ಅಂತ ನಾ ಕೇಳಲಿಲ್ಲ. ಕೇಳಿದ್ರ ಚಲೋ ಇತ್ತು. ಇಷ್ಟು ವರ್ಷದ ಮ್ಯಾಲ ಆಗೂ ಫಜೀತಿ ತಪ್ಪತಿತ್ತು.

ಈಗ ಈಚಿನ ಸುದ್ದಿಗೆ ಬರ್ತೇನಿ. ಖಾಲಾಗ ಎಪ್ಪತ್ತೈದು ದಾಟೇತಿ. ಜೀಂವದಾಗೊಮ್ಮೆ ಮಕ್ಕಾಕ್ಕ ಹೋಗಿ ಉಮ್ರಾ ಮಾಡಿ ಬರಬೇಕಂತ ಆಸೆ. ಶಿಗ್ಗಾಂವಿಯಿಂದ ಒಂದು ತಂಡ ಹೊಂಟಿತ್ತು, ಅದರಾಗ ಅಕಿ ವಾರಿಗಿ ಹೆಂಗಸರೂ ಇದ್ರು. ಮಗ ಖಾದರ “ಹೋಗಿ ಬಾ ಅಮ್ಮಾ” ಅಂತ ಗಂಟುಬಿದ್ದ. ಆದ್ರ ಖಾಲಾಗ ಹೆದರಿಕಿ. ಅಕಿಗೆ ಶುಗರ್ ಐತಿ. ನಾಕು ತಾಸಿಗೊಮ್ಮೆ ಹೊಟ್ಟಿಗೆ ಏನರ ಬೀಳಬೇಕು, ಇಲ್ಲಾಂದ್ರ ಕಣ್ಣಿಗೆ ಕತ್ತಲಿ ಬರತೈತಿ. ಹೋದ ವರ್ಷ ಹಿಂಗ ಉಣ್ಣೂದು ತಡಾ ಆಗಿ ತ್ವಾಟದಾಗ ಬಿದ್ದಿದ್ಲು. ಖಾದರ ಬಾಯಿಗೆ ಸಕ್ಕರಿ ಹಾಕಿ ಎಬ್ಬಿಸಿದ್ದ. “ಸಮುದ್ರ ದಾಟಿ ಹೋಗೂದು ಅಂದ್ರ ಎಷ್ಟು ನೀರಿನ ಹಾದ್ಯೋ ಏನೋ, ನನ್ನ ಕೈಲೆ ಆಗಂಗಿಲ್ಲ” ಅಂತ ಅಕಿ ಹಟ ಹಿಡದ್ಲು.

ಆಗ ಖಾದರ ನನ್ನ ಕರಸಿದ. “ಕಾಕಾ, ನೀವು ಹೇಳಿದ್ರ ಕೇಳ್ತಾಳ.” ಕೈಯಾಗ ವಿಮಾನದ ಟೈಮಿನ ಚೀಟಿ ಕೊಟ್ಟ. ಏನು ಹೇಳ್ಲಿ ನನ್ನ ಉಬ್ಬು! ಎಷ್ಟು ದಿನ ಆಗಿತ್ತು ಯಾರರ ನನಗ ಟೈಮು ಕೇಳಿ. ಚಾಳೀಸು ಹಾಕ್ಕೊಂಡು ಓದಿದೆ. ಬೆಂಗಳೂರು ಬಿಡೂದು ಹನ್ನೊಂದೂ ಹದಿನೈದು. ಮಕ್ಕಾಕ್ಕ ಹೋಗೂವ್ರು ಇಳಿಯೂ ಊರು ಜೆದ್ದಾ, ಅದನ್ನ ಮುಟ್ಟೂದು ಎರಡೂವರಿ. ಮುಟ್ಟೂದರಾಗ ಹೊರಡೂದು ಕಳದೆ. ಮೂರೂಕಾಲು ತಾಸು.

“ಖಾಲಾ,” ಅಂದೆ, “ಒಂದ ನೀರಿನ ಹಾದಿ.”

ಖಾಲಾ ಬಾಯಿ ಮ್ಯಾಲ ಕೈ ಇಟ್ಕೊಂಡ್ಲು. “ಹಿರೇಕೆರೂರಷ್ಟ ದೂರೇನೋ ಶಿವ್ಯಾ?”

“ಅಷ್ಟ. ತವರಿಗೆ ಹೋದಂಗ.”

“ಯಾ ಅಲ್ಲಾ! ಇಷ್ಟ ಹತ್ರ ಇತ್ತಂದ್ರ ಇಷ್ಟು ವರ್ಷ ನಾ ಸುಮ್ನ ಯಾಕ ಕುಂತೆ?”

ಖಾದರನ ಹೆಂಡತಿ ಶಬಾನಾ ಮೊಬೈಲ್ ಹಿಡಕೊಂಡು ಕುಂತಿದ್ಲು. ದೂರ ಎಷ್ಟು ಅಂತ ನೋಡವಾ ಅಂದೆ. “ನಾಕು ಸಾವಿರ ಕಿಲೋಮೀಟರ್ ಅಂತ ತೋರಸ್ತೇತಿ ಕಾಕಾ. ಕೆಳಗ ಟೈಮೂ ಐತ್ರಿ, ಎಷ್ಟು ತಾಸಂದ್ರ...” ಅಂದ್ಲು. ನಾ ಕೈ ಮ್ಯಾಲೆತ್ತಿದೆ. “ಟೈಮಿಂದು ನನಗ ಬಿಡವಾ. ನಿನ್ನ ಮೊಬೈಲ್ ಹುಟ್ಟೂಕ್ಕಿಂತ ಮೊದಲಿಂದ ನಾ ಟೈಮು ನೋಡಾಕತ್ತೇನಿ.” ಹುಡುಗಿ ಮೊಬೈಲ್ ಕೆಳಗಿಟ್ಲು. ದೊಡ್ಡವರ ಮಾತಿಗೆ ಎದುರಾಡಾಕಿ ಅಲ್ಲ ಅದು. ಅವತ್ತು ಎದುರಾಡಬೇಕಿತ್ತು.

ನಾಕು ಸಾವಿರ ಕಿಲೋಮೀಟರ್, ಮೂರೂಕಾಲು ತಾಸು. ಭಾಗಿಸಿದ್ರ ತಾಸಿಗೆ ಸಾವಿರದ ಇನ್ನೂರರ ಮ್ಯಾಲ ಬಂತು. ವಿಮಾನ ಇಷ್ಟು ಜೋರ ಹೋಗತೈತೇನು ಅಂತ ಒಂದು ಕ್ಷಣ ಅನುಮಾನ ಬರಬೇಕಿತ್ತಲ್ರಿ? ಬರಲಿಲ್ಲ. ಉಲ್ಟಾ ಚಾದಂಗಡ್ಯಾಗ ನಿಂತು ನಾಕು ಮಂದಿಗೆ ಹೇಳಿದೆ, “ನಮ್ಮ ಶಿಗ್ಗಾಂವಿ ಹೈವೇದಾಗ ಹಾರಿ ಬರೂ ಬಸ್ಸು ಅಂತೀರಿ, ಅದು ಏನ್ರಿ ಇದರ ಮುಂದ?” ಎಲ್ಲಾರೂ ಅಬ್ಬಬ್ಬಾ ಅಂದ್ರು. ಕಂಟ್ರೋಲರ್ ಹೇಳ್ಯಾನಂದ ಮ್ಯಾಲ ಮುಗೀತು.

ಹೊರಡೂ ದಿನ ಮಧ್ಯಾಹ್ನ ಶಬಾನಾ ಎರಡು ಡಬ್ಬಿ ಕಟ್ಟಿದ್ಲು. ಒಂದು ಬೆಂಗಳೂರತನಕ ಬಸ್ಸಿಗೆ, ಇನ್ನೊಂದು ವಿಮಾನಕ್ಕ. ನಾ ಅಲ್ಲೇ ನಿಂತಿದ್ದೆ. ನನಗೇನು ಕೆಲಸ? ಆದ್ರೂ ಕೈ ಸುಮ್ನಿರಬೇಕಲ್ಲ. ಎರಡನೇ ಡಬ್ಬಿ ಚೀಲದಿಂದ ಹೊರಗ ತಗದೆ. “ಹಿರೇಕೆರೂರಿಗೆ ಹೋಗಾಕ ಯಾರರ ಡಬ್ಬಿ ಕಟ್ತಾರೇನು? ಭಾರ ಯಾಕ ಸುಮ್ನ? ವಿಮಾನ ಹತ್ತೂ ಮುಂದ ಒಂದು ಚಪಾತಿ ತಿನ್ನು ಖಾಲಾ, ಇಳದ ಕೂಡಲೆ ಇನ್ನೊಂದು ಊಟ. ನಡುವ ಮೂರ ತಾಸು.”

ಖಾಲಾ ನನ್ನ ಮುಖ ನೋಡಿದ್ಲು. ಒಂದು ಗಳಿಗಿ ಏನೋ ಹೇಳಾಕಿದ್ಲು. ಆಮೇಲೆ ನಕ್ಕು, “ಆತಪಾ. ನೀ ಹೇಳಿದ ಮ್ಯಾಲ ಮುಗೀತು” ಅಂದ್ಲು. ತಗದ ಡಬ್ಬಿ ನನ್ನ ಕೈಯಾಗ ಕೊಟ್ಟು “ನೀ ತಿನ್ನು” ಅಂದ್ಲು. ಸಂಜಿಗೆ ನಾ ಅದನ್ನ ತಿಂದೆ. ನಾಕು ಚಪಾತಿ, ಬದನಿಕಾಯಿ ಪಲ್ಯಾ. ಶಬಾನಾನ ಕೈರುಚಿ ಚಲೋ ಐತಿ ಅಂತ ಹೊಗಳಿಕೋತ ತಿಂದೆ. ಗಂಗಾ ಡಬ್ಬಿ ತೊಳದು ಗ್ವಾಡಿ ಮಾಡದಾಗ ಬೋರಲ ಹಾಕಿದ್ಲು.

ಮರುದಿನ ಹನ್ನೊಂದಕ್ಕ ಖಾದರನ ಫೋನ್ ಬಂತು. “ಕಾಕಾ, ಅಮ್ಮಾ ಒಳಗ ಹೋಗಿ ಬಾಳ ಹೊತ್ತಾತ್ರಿ, ವಿಮಾನ ಹತ್ತಿದ್ದಾರಂತ. ನಾ ಊರಿಗೆ ಬಸ್ ಹತ್ತತೇನಿ.” ನಾ ಹಳೇ ಡೈರಿ ತಗದು ಬರದೆ: ಹೊರಟದ್ದು ಹನ್ನೊಂದೂ ಹದಿನೈದು. ಮುಟ್ಟಿದ್ದು ಅನ್ನೂ ಮನಿ ಖಾಲಿ ಬಿಟ್ಟೆ.

ಎರಡೂವರಿ ಆತು. ಫೋನ್ ಇಲ್ಲ. ಹದಿನೈದು ನಿಮಿಷ ನಮ್ಮ ಬಸ್ಸಿಗೂ ಬಿಡ್ತೇವಿ, ವಿಮಾನಕ್ಕೂ ಬಿಟ್ಟೆ. ಮೂರಾತು. ಮೂರೂವರಿ ಆತು. ಪಡಸಾಲಿಯಿಂದ ಅಂಗಳಕ್ಕ, ಅಂಗಳದಿಂದ ಪಡಸಾಲಿಗೆ ಅಡ್ಡಾಡಾಕತ್ತಿದೆ. ಖಾದರಗ ಫೋನ್ ಹಚ್ಚಿದ್ರ ಅಂವ ಬಸ್ಸಿನ್ಯಾಗ, ಹತ್ತಲಿಲ್ಲ.

“ತಡಾ ಆಗಿರಬೇಕ್ರಿ” ಅಂದ್ಲು ಗಂಗಾ.

“ತಡಾ ಆಗಾಕ ಅದೇನು ಹಾನಗಲ್ ಬಸ್ಸೇನ? ಹಾದ್ಯಾಗ ಕುರಿಹಿಂಡು ಬಂತೇನು?”

ಬೈದೆ, ಬೈದು ಮತ್ತ ಅಂಗಳಕ್ಕ ಹೋದೆ. ಬಸ್ಸು ಕೆಟ್ರ ಹಾದಿಬದಿ ನಿಲ್ಲಸ್ತಾರ, ಹಿಂದಿಂದು ಬಂದು ಮಂದಿನ್ನ ಹತ್ತಿಸಿಕೊಂಡು ಹೋಗತೈತಿ. ಅಲ್ಲಿ ಸಮುದ್ರದ ಮ್ಯಾಲ ಏನು ಮಾಡ್ತಾರ? ಹೋಗಂಗಿಲ್ಲ ಅಂದಾಕಿನ್ನ ಹೋಗು ಅಂತ ಹುರುಪು ತುಂಬಿ ಕಳಿಸಿದಾಂವ ನಾ. ಹಿರೇಕೆರೂರಷ್ಟ ದೂರ ಅಂದಾಂವ ನಾ. ಏನರ ಆದ್ರ ಖಾದರಗ ಹೆಂಗ ಮುಖ ತೋರಸ್ಲಿ?

ನಾಕಕ್ಕ ತಡೀಲಾರದ ಇಮಾಮಸಾಬನ ಖಾರದ ಅಂಗಡಿಗೆ ಹೋದೆ. ಇಮಾಮಸಾಬ ಮೊದಲ ಜೆದ್ದಾದಾಗ ಬಾಳ ವರ್ಷ ಡ್ರೈವರ್ ಆಗಿದ್ದಾಂವ, ಈಗ ಊರಾಗ ಖಾರ ಕರೀತಾನ. ಅಲ್ಲೋ ಮಾರಾಯಾ, ಹಂಗಂದ್ರ ಮೊದಲ ಇವನ್ನ ಯಾಕ ಕೇಳಲಿಲ್ಲ ಅಂತೀರಿ. ಕಂಟ್ರೋಲರ್ ಆದಾಂವ ಇನ್ನೊಬ್ಬರಿಗೆ ಟೈಮು ಕೇಳ್ತಾನೇನ್ರಿ? ಅದ ನನ್ನ ರೋಗ.

ಬಾಣಲಿ ಮುಂದ ನಿಂತು ಎಲ್ಲಾ ಹೇಳಿದೆ. ಇಮಾಮಸಾಬ ಝಾರಿ ಕೆಳಗಿಟ್ಟ. ಹೊಟ್ಟಿ ಹಿಡಕೊಂಡು ನಗಾಕತ್ತಿದ.

“ಕಾಕಾ, ಈಗ ಅಲ್ಲಿ ಎಷ್ಟಾಗೇತಿ ಗೊತ್ತೇನ್ರಿ?”

“ಎಷ್ಟಾಗೂದು? ನಾಕು.”

“ಒಂದೂವರಿ ರೀ. ಅವರ ಗಡಿಯಾರ ನಮ್ಮದಕ್ಕಿಂತ ಎರಡೂವರಿ ತಾಸು ಹಿಂದ. ಅಲ್ಲಿ ಹೊತ್ತು ಹುಟ್ಟೂದ ತಡಾ. ಚೀಟ್ಯಾಗ ಹೊರಡೂ ಟೈಮು ಇಲ್ಲಿದು ಬರೀತಾರ, ಮುಟ್ಟೂ ಟೈಮು ಅಲ್ಲಿದು. ನಮ್ಮ ಲೆಕ್ಕದಾಗ ಐದಕ್ಕ ಇಳೀತಾಳ ಖಾಲಾ. ವಿಮಾನ ಇನ್ನೂ ಮ್ಯಾಲ ಐತಿ, ಆರಾಮ ಕುಂದರ್ರಿ.”

ಅಬ್ಬಾ! ಎದಿ ಮ್ಯಾಲಿನ ಕಲ್ಲು ಇಳದಂಗಾತು. ಸ್ಟೂಲ್ ಎಳಕೊಂಡು ಕುಂತೆ. ವಿಮಾನಕ್ಕ ಏನೂ ಆಗಿಲ್ಲ. ತಪ್ಪಿದ್ದು ನನ್ನ ಲೆಕ್ಕ ಅಷ್ಟ, ತಪ್ಪಲಿ ಬಿಡು. ಅಂವ ಕೊಟ್ಟ ಬಿಸಿ ಖಾರ ಒಂದು ಹಿಡಿ ಬಾಯಿಗೆ ಹಾಕ್ಕೊಂಡೆ. ಎರಡು ಸಲ ಅಗದಿರಬೇಕು. ಅಷ್ಟರಾಗ ನೆನಪಾತು.

ಹಾದಿ ಮೂರೂಕಾಲು ತಾಸಿಂದಲ್ಲ. ಐದೂಮುಕ್ಕಾಲು ತಾಸಿಂದು. ಖಾಲಾನ ಡಬ್ಬಿ ನಮ್ಮ ಮಾಡದಾಗ ಬೋರಲ ಬಿದ್ದೇತಿ.

ಬಾಯಾಗಿನ ಖಾರ ಉಗುಳಿ ಡಬ್ಬಿ ಸುದ್ದಿ ಹೇಳಿದೆ. “ವಿಮಾನದಾಗ ಊಟ ಕೊಡತಾರ ಕಾಕಾ” ಅಂದ ಇಮಾಮಸಾಬ. ಕೊಡಲಿ, ಖಾಲಾ ಮುಟ್ಟಬೇಕಲ್ಲ? ಪಂಚರ್ ಆದ ಬಸ್ಸಿನ ಬದಿ ಭಜಿ ಮುಟ್ಟದಾಕಿ, ಆಕಾಶದಾಗ ಯಾರೋ ಕೊಟ್ಟದ್ದು ಮುಟ್ಟತಾಳೇನು? ಮನಿಗೆ ಓಡಿದೆ. ಓಡಿದೆ ಅಂದ್ರ ಮಣಕಾಲು ಎಷ್ಟು ಬಿಟ್ಟೂವೋ ಅಷ್ಟು. ಖಾದರನ ಫೋನ್ ಈ ಸಲ ಹತ್ತಿತು.

“ಖಾದರ, ಅವ್ವ ಎಷ್ಟೊತ್ತಿಗೆ ಏನು ತಿಂದ್ಲೋ?”

“ಮುಂಜಾನಿ ಎಂಟಕ್ಕ ಒಂದು ಚಪಾತಿ ತಿಂದ್ಲ್ರಿ. ಇನ್ನೊಂದು ತಿನ್ನು ಅಂದ್ರ ಬ್ಯಾಡ ಅಂದ್ಲು. ನೀವು ಮೂರ ತಾಸು ಅಂದಿದ್ರೆಲ್ಲ ಕಾಕಾ, ನಾನೂ ಜುಲುಮಿ ಮಾಡಲಿಲ್ಲ. ಯಾಕ್ರಿ?”

“ಏನಿಲ್ಲ, ಸುಮ್ನ ಕೇಳಿದೆ” ಅಂದೆ. ಹೇಳಾಕ ಧೈರ್ಯ ಆಗಲಿಲ್ಲ. ಬಸ್ಸಿನ್ಯಾಗ ಕುಂತಾಂವ ಅಂವರ ಏನು ಮಾಡತಾನ?

ಎಂಟರಿಂದ ಐದು. ಒಂಬತ್ತು ತಾಸು. ಮ್ಯಾಲ ಇಳದ ಮ್ಯಾಲ ಪಾಸ್‌ಪೋರ್ಟಿನ ಸಾಲಾಗ ನಿಂದರಬೇಕು. ಮಾಡದಾಗಿನ ಡಬ್ಬಿ ಕಡೆ ನೋಡಾಕಾಗಲಿಲ್ಲ. ಗಂಗಾಗ ಹೇಳಿದೆ, “ಅಕಿ ಪಾಲಿಂದು ನಾ ತಿಂದೇನಿ ಗಂಗಾ. ಹೊಗಳಿಕೋತ ತಿಂದೇನಿ.” ಯಾವತ್ತೂ ನನ್ನ ಚ್ಯಾಷ್ಟಿ ಮಾಡಾಕಿ ಅವತ್ತು ಮಾಡಲಿಲ್ಲ. ಬಾಜೂಕ ಬಂದು ಕುಂತ್ಲು. ಅದ ನನಗ ಇನ್ನಷ್ಟು ಹೆದರಿಕಿ ಹಚ್ಚಿತು. ತ್ವಾಟದಾಗ ಬಿದ್ದಾಗ ಅಕಿ ತುಟಿ ಬೆಳ್ಳಗಾಗಿದ್ದು ನಾ ಕಣ್ಣಾರೆ ಕಂಡಿದ್ದೆ. ಅಲ್ಲಿ ಬಾಯಿಗೆ ಸಕ್ಕರಿ ಹಾಕಾಕ ಖಾದರ ಇಲ್ಲ.

ಐದಾತು. ಐದೂವರಿ. ಆರು. ಮೂವತ್ತು ವರ್ಷ ಮಂದಿ ಕಿಟಕಿ ಮುಂದ ನಿಂತು “ಬಂತೇನ್ರಿ, ಬಂತೇನ್ರಿ” ಅಂತ ಯಾಕ ಕೇಳತಿದ್ರು ಅನ್ನೂದು ನನಗ ಅವತ್ತು ತಿಳೀತು. ಅವರಿಗೆಲ್ಲಾ ನಾ ಎಷ್ಟು ಸಿಟ್ಟು ಮಾಡೇನಿ!

ಆರೂ ಹತ್ತಕ್ಕ ಫೋನ್ ಬಂತು. ಗುರ್ತಿಲ್ಲದ ನಂಬರು. ಎರಡು ಸಲ ತಪ್ಪು ಕಡೆ ಒತ್ತಿದೆ. ಗಂಗಾ ಕಸಕೊಂಡು ಹಚ್ಚಿಕೊಟ್ಲು.

“ಶಿವ್ಯಾ!”

ಖಾಲಾನ ದನಿ. ಖಣಿ ಖಣಿ ಐತಿ, ಗ್ವಾಡಿ ಆಚಿಂದ ಕರದಂಗ. “ತಂಡದವರ ಫೋನಿಂದ ಮಾಡೇನಪಾ. ಖಾದರಗ ಆಮೇಲೆ ಮಾಡ್ತೇನಿ. ನೀ ಮೊದಲ ಗಾಬರಿ ಆಗಿರ್ತಿ ಅಂತ ಗೊತ್ತಿತ್ತು ನನಗ.”

“ಖಾಲಾ, ಏನರ ತಿಂದಿಯೇನು? ಕಣ್ಣಿಗೆ ಕತ್ತಲಿ ಬಂತೇನು? ನಂದು ಲೆಕ್ಕ ತಪ್ಪಿತ್ತು ಖಾಲಾ, ಒಂದು ನೀರಲ್ಲ ಅದು...”

“ಎರಡು ನೀರು” ಅಂದ್ಲು ಖಾಲಾ. “ಬಾಯಾಡಸಾಕ ಅಂತ ನಾಕು ಎಲಿ ಒದ್ದಿ ಅರಿವ್ಯಾಗ ಸುತ್ತಿ ಇಟ್ಕೊಂಡಿದ್ದೆ. ಅರಿವಿ ಒಣಗಿತು, ಇಳಿಯೂ ಸುದ್ದಿನ ಇಲ್ಲ. ಎರಡನೇ ಸಲ ನೀರು ಚಿಮುಕಿಸಿದೆ. ನಮ್ಮ ಶಿವ್ಯಾಂದು ಲೆಕ್ಕ ತಪ್ಪೇತಿ ಅಂತ ಆಗ ತಿಳೀತು. ಚಪಾತಿ ತಗದು ತಿಂದೆ. ಎಲಿನೂ ಹಾದ್ಯಾಗ ತಿಂದು ಮುಗಿಸಿದೆ.”

“ಚಪಾತಿ? ಎಲ್ಲೀ ಚಪಾತಿ? ಡಬ್ಬಿ ನಾ ತಗದಿದ್ನೆಲ್ಲ!”

“ಬಸ್ಸಿನ ಡಬ್ಬ್ಯಾಗಿನ್ವು ಎರಡು ಉಳಿಸಿ ಬುರ್ಖಾದ ಒಳಕಿಸೆದಾಗ ಇಟ್ಕೊಂಡಿದ್ದೆ. ಮ್ಯಾಲ ಒಂದು ಮುಷ್ಟಿ ಖಾರ, ಒಂದು ಹಳಕು ಬೆಲ್ಲ. ನೀ ಟೈಮು ಹೇಳಿದ್ರ ನಾ ಯಾವತ್ತೂ ಅದರ ಮ್ಯಾಲ ಎರಡು ತಾಸು ಕೂಡಸ್ತೇನಿ.”

“ಯಾವತ್ತೂ ಅಂದ್ರ?”

“ಯಾವತ್ತೂ ಅಂದ್ರ ಯಾವತ್ತೂ. ನೀ ಮೈಕಿನ್ಯಾಗ ಹಾವೇರಿ ಬಸ್ಸು ಇನ್ನ ಹತ್ತು ನಿಮಿಷಕ್ಕ ಬರತೈತಿ ಅಂದ್ರ, ನಾ ಎಲಿ ಬುಟ್ಟಿಗೆ ಇನ್ನೊಂದು ಸಲ ನೀರು ಹಾಕಿ ಕುಂದರ್ತಿದ್ದೆ.” ಅಲ್ಲಿಂದ ನಗೂ ಸಪ್ಪಳ ಕೇಳಿಸ್ತು. ತಂಡದ ಹೆಂಗಸರೂ ನಕ್ಕಂಗಿತ್ತು.

ಖರೇ ಹೇಳ್ತೇನಿ, ಆ ಹೊತ್ತಿನ್ಯಾಗ ನನಗ ಅವಮಾನ ಅನ್ನೂದ ಆಗಲಿಲ್ಲ. ಅಕಿ ನನ್ನ ನಂಬಲಿಲ್ಲ ಅನ್ನೂದಕ್ಕ ಕೈ ಎತ್ತಿ ಮುಗೀಬೇಕು ಅನಸ್ತು. ಆದ್ರೂ ಕೇಳಿದೆ, ಕೇಳದ ಬಿಡಾಂವ ಅಲ್ಲ ನಾ. “ಹಂಗಾರ ದಿನಾ ಕಿಟಕಿಗೆ ಬಂದು ಟೈಮು ಯಾಕ ಕೇಳ್ತಿದ್ದಿ ಖಾಲಾ? ನಿನ್ನೆ ಡಬ್ಬಿ ತಗದಾಗ ಯಾಕ ಬಾಯಿ ಬಿಡಲಿಲ್ಲ?”

ಖಾಲಾ ಸಾವಕಾಶ ಹೇಳಿದ್ಲು. “ನೀ ಅಷ್ಟು ಹುರುಪಲೆ ಹೇಳಾಕತ್ತಿದ್ದಿ. ಮಂದಿ ಮುಂದ ನಿನ್ನ ಮಾತು ತಗದು ಹಾಕೂದು ನನಗ ಸೇರಲಿಲ್ಲ. ಬಸ್ಸು ತನ್ನ ಟೈಮಿಗೆ ತಾ ಬರತೈತಿ, ಅದು ನನಗೂ ಗೊತ್ತು. ನನ್ನ ಕಟ್ಟಿ ಮ್ಯಾಲ ಎಣಿಸಾಕ ಕಲ್ತ ಹುಡುಗ ಕಿಟಕ್ಯಾಗ ಕುಂತಾನ, ಅವನ ಕಡಿಂದ ಒಂದು ಮಾತು ಕೇಳಿ ಹೊರಟ್ರ ಹಾದಿ ಹಗುರ ಆಗತಿತ್ತು. ಅದಕ್ಕ ಕೇಳ್ತಿದ್ದೆ.”

ನಾ ಅತ್ತೆ. ಮುಚ್ಚಿಡೂದೇನೈತಿ, ಅರವತ್ತು ದಾಟಿದಾಂವ ಹೆಂಡತಿ ಮುಂದ ಹುಡುಗರಂಗ ಅತ್ತೆ. ದುಃಖ ಅಲ್ಲ ಅದು. ಮಧ್ಯಾಹ್ನದಿಂದ ಕಟ್ಟಿದ್ದ ಉಸುರು ಒಮ್ಮೆಲೆ ಬಿಟ್ಟದ್ದು. ಗಂಗಾನೂ ಸೆರಗಲೆ ಕಣ್ಣು ಒರಸಿಕೊಂಡ್ಲು. ಆಮೇಲೆ “ಏಳ್ರಿ, ಊಟ ಪ್ಲಾಟ್‌ಫಾರ್ಮಿಗೆ ಬಂದೈತಿ” ಅಂದ್ಲು. ಇಬ್ಬರೂ ನಕ್ಕೋತ ಉಂಡ್ವಿ. ಮುಂಜಾನಿಯಿಂದ ಅಕಿನೂ ಉಂಡಿರಲಿಲ್ಲ ಅನ್ನೂದು ನನಗ ಆಗ ಗೊತ್ತಾತು.

ಉಂಡು ಎದ್ದಾಂವ ರಿಟಾಯರ್ಮೆಂಟಿನ ಗಡಿಯಾರ ಇಳಿಸಿ ಮುಳ್ಳು ಎರಡೂವರಿ ತಾಸು ಹಿಂದ ತಿರುವಿದೆ. ಖಾಲಾ ಈಗ ಏಳತಿರಬೇಕು, ಈಗ ನಮಾಜು, ಈಗ ಗುಳಿಗಿ ಅಂತ ದಿನಾ ಅದನ್ನ ನೋಡಿ ಹೇಳಾಕತ್ತಿದೆ. ಡಬ್ಬಿ ಶಬಾನಾಗ ವಾಪಸ್ ಕೊಡಾಕ ಹೋದಾಗ, “ಅವತ್ತ ಮೊಬೈಲಿನ್ಯಾಗ ಎಷ್ಟು ತಾಸು ತೋರಿಸಿತ್ತವಾ?” ಅಂತ ಕೇಳಿದೆ. “ಐದೂಮುಕ್ಕಾಲು ಕಾಕಾ” ಅಂದ್ಲು, ತಲಿ ಕೆಳಗ ಹಾಕಿ, ನಗು ತಡಕೊಂಡು. ಇನ್ನ ಮ್ಯಾಲ ನನ್ನ ಮಾತಿಗೆ ಅಡ್ಡ ಬಾ ಅಂತ ಅಕಿಗೆ ಹೇಳಿ ಬಂದೇನಿ.

ಎರಡು ವಾರ ಆದ ಮ್ಯಾಲ ಹೊಳ್ಳಿ ಬರೂ ಹಿಂದಿನ ದಿನ ಖಾಲಾನ ಫೋನ್ ಬಂತು. ಅಲ್ಲಿ ಟೈಮಿನ ಚೀಟಿ ಓದಾಕ ತಂಡದಾಗ ಹತ್ತು ಮಂದಿ ಇದ್ರು. ಆದ್ರೂ ಕೇಳಿದ್ಲು.

“ಶಿವ್ಯಾ, ನಾಳಿ ಒಂದಕ್ಕ ಬಿಡತೈತಂತ. ರಾತ್ರಿ ಒಂಬತ್ತಕ್ಕ ಬೆಂಗಳೂರಂತ. ಎಷ್ಟು ನೀರಿನ ಹಾದಿ ಆತಪಾ?”

ಒಂಬತ್ತರಾಗ ಒಂದು ಕಳದೆ. ಎಂಟು. ಹೇಳಾಂವ ಇದ್ದೆ, ಬಾಯಿ ಮುಚ್ಚಿಕೊಂಡೆ. ಗ್ವಾಡಿ ಮ್ಯಾಲ ನೋಡಿದೆ. ಎಂಟರಾಗ ಎರಡೂವರಿ ತಗದೆ. ಬೆರಳು ಎಣಿಸಿದೆ. ಶಬಾನಾನ್ನ ಕರದು ಮೊಬೈಲ್ ನೋಡಿಸಿದೆ. ಆಮೇಲೆ ಮೈಕಿನ್ಯಾಗ ಹೇಳೂವಂಗ, ಬಾಳ ವರ್ಷದ ಹಳೇ ದನಿ ತಗದು ಹೇಳಿದೆ.

“ಐದೂವರಿ ತಾಸು. ಎರಡು ನೀರಿನ ಹಾದಿ, ಖಾಲಾ. ಈ ಸಲ ಅಗದೀ ಪಕ್ಕಾ.”

“ಪಕ್ಕಾ ಏನು?”

“ಪಕ್ಕಾ.”

“ಆತಪಾ, ನೀ ಹೇಳಿದ ಮ್ಯಾಲ ಮುಗೀತು” ಅಂದ್ಲು ಖಾಲಾ. ಫೋನ್ ಇಡೂಕ್ಕಿಂತ ಮೊದಲ ಬಾಜೂಕಿದ್ದ ಯಾರಿಗೋ ಹೇಳಿದ್ದು ನನಗ ಸ್ವಚ್ಛ ಕೇಳಿಸ್ತು. “ಮೂರು ನೀರಿಗೆ ಆಗೂವಷ್ಟು ಬುತ್ತಿ ಕಟ್ಟವಾ.”